ಮೊದಲ ಸಾಲಿನ ಕುರ್ಚಿ

“ಗುರುಗಳೇ, ನುಡಿಸುವವನು ತಪ್ಪು ಮಾಡಬಹುದು. ಸುಮ್ಮನೆ ಕುಳಿತು ಕೇಳುವವನು ಯಾವ ತಪ್ಪು ಮಾಡಿಯಾನು? ಅವನಿಗೆ ಪಾಪ ಎಲ್ಲಿಂದ ಅಂಟೀತು?” ಎಂದು ಚಹಾದಂಗಡಿಯಲ್ಲಿ ಶಿಷ್ಯ ಕೇಳಿದ.

ಗುರು ಅವನ ಬಾಯನ್ನೇ ನೋಡುತ್ತಿದ್ದ. ಮಾತು ಮುಗಿದ ಮೇಲೆ ಚಹಾದ ಲೋಟ ಕೆಳಗಿಟ್ಟ.

“ಕೇಳುವ ವಿಷಯವೇ? ಸರಿಯಾದ ಕಡೆಗೇ ಬಂದೆ. ಬಾಳೆಯೆಲೆಯ ಮೇಲೆ ಇರುವೆ ನಡೆದರೆ ಯಾವ ಕಾಲು ಮೊದಲಿಟ್ಟಿತು ಎಂದು ಹೇಳಬಲ್ಲ ಕಿವಿ ಇದು. ಏಳು ಊರಿನ ವಿದ್ವಾಂಸರು ಬಂದು ಪರೀಕ್ಷೆ ಮಾಡಿ ಶಾಲು ಹೊದಿಸಿದ್ದಾರೆ,” ಎಂದ. ಶಿಷ್ಯ ಕಣ್ಣರಳಿಸಿದ. “ಸುಳ್ಳು ಕಣಯ್ಯಾ. ವಿದ್ವಾಂಸರೂ ಇಲ್ಲ, ಪರೀಕ್ಷೆಯೂ ಇಲ್ಲ. ಶಾಲು ನನ್ನ ಅಂಗಡಿಯದೇ. ಈಗ ಕತೆ ಕೇಳು. ಇದರಲ್ಲಿ ನಿಜ ಎಷ್ಟು ಎಂದು ಮಾತ್ರ ಕೇಳಬೇಡ.”

ಒಂದು ಊರಿನಲ್ಲಿ ನಾಲ್ವರು ವಾದಕರಿದ್ದರು. ಇಬ್ಬರದು ಪಿಟೀಲು. ಮೂರನೆಯವನದು ಅದಕ್ಕಿಂತ ತುಸು ದೊಡ್ಡದು. ನಾಲ್ಕನೆಯವನದು ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸುವಷ್ಟು ದೊಡ್ಡದು. ಹಾಡುವವರಿಲ್ಲ, ಮೃದಂಗವಿಲ್ಲ. ನಾಲ್ಕು ತಂತಿವಾದ್ಯಗಳು ವಿಲಾಯಿತಿ ಪದ್ಧತಿಯಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡಂತೆ ಕಛೇರಿ ನಡೆಯುತ್ತಿತ್ತು. ಪ್ರತಿ ಶನಿವಾರ ಸಂಜೆ ಊರು ಬಂದು ಕೇಳುತ್ತಿತ್ತು.

ಮೊದಲ ಸಾಲಿನ ನಡುವಿನ ಕುರ್ಚಿ ಒಬ್ಬ ಜವಳಿ ವ್ಯಾಪಾರಿಯದು. ಅವನಷ್ಟು ಚೆನ್ನಾಗಿ ಕೇಳಬಲ್ಲವರು ಆ ಊರಿನಲ್ಲಿರಲಿಲ್ಲ. ಅವನು ತಲೆದೂಗಿದರೆ ಸಭೆ ತಲೆದೂಗುತ್ತಿತ್ತು. ಅವನು ಸುಮ್ಮನಿದ್ದರೆ ಸಭೆಯೂ ಸುಮ್ಮನೆ. ಕಛೇರಿ ಮುಗಿದ ಮೇಲೆ ಅವನು ಒಬ್ಬೊಬ್ಬ ವಾದಕನ ಕೈಗೂ ಒಂದು ನಿಂಬೆಹಣ್ಣು ಕೊಟ್ಟು, ಅವನ ವಾದನದಲ್ಲಿ ತಾನು ಕೇಳಿದ್ದೇನು ಎಂದು ಒಂದು ಮಾತು ಹೇಳುವುದು ರೂಢಿ. ವಾದಕರು ಚಪ್ಪಾಳೆಗಿಂತ ಆ ಮಾತಿಗೆ ಕಾಯುತ್ತಿದ್ದರು.

ಒಂದು ವರ್ಷ ವ್ಯಾಪಾರಿಗೆ ಜ್ವರ ಬಂತು. ಇಪ್ಪತ್ತು ದಿನ ಮಲಗಿದ. ಜ್ವರ ಹೋಗುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಆ ಕುರ್ಚಿ ಬೇರೆಯವರದಾಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತ. ಶನಿವಾರ ವಾದಕರ ಕೈಯ ಕಮಾನು ನೋಡಿ ತಲೆದೂಗುವುದನ್ನು ಕಲಿತ. ಕಮಾನು ರಭಸವಾಗಿ ಓಡಿದರೆ ತಲೆಯೂ ರಭಸ. ಅದು ನಿಧಾನವಾದರೆ ಇವನ ಕಣ್ಣು ಅರೆಮುಚ್ಚುತ್ತಿತ್ತು. ‘ಈಗೀಗ ಸಂಗೀತದಲ್ಲಿ ಪೂರ್ತಿ ಮುಳುಗಿಬಿಡುತ್ತಾರೆ, ಕರೆದರೂ ತಿರುಗುವುದಿಲ್ಲ’ ಎಂದು ಜನ ಇನ್ನಷ್ಟು ಹೊಗಳಿದರು.

ಒಂದು ದಿನ ಮೂರನೆಯ ವಾದಕ ಅಂಗಡಿಗೆ ಬಂದ. ಅವನದು ನಡುವಿನ ನಾದ. ಜನ ಪಿಟೀಲಿನ ಇಬ್ಬರನ್ನು ಕೊಂಡಾಡುತ್ತಿದ್ದರು, ದೊಡ್ಡ ವಾದ್ಯದವನ ಗಂಭೀರ ನಾದಕ್ಕೆ ಬೆರಗಾಗುತ್ತಿದ್ದರು. ಇವನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

“ಸಾಹುಕಾರರೇ, ‘ನಿಮ್ಮದು ಎಲ್ಲಿ ಕೇಳಿಸುತ್ತದೆ’ ಎಂದು ನನ್ನ ಮನೆಯಾಕೆ ಕೂಡ ನನ್ನನ್ನು ನೋಡಿ ನಗುತ್ತಾಳೆ. ನಿಜ ಹೇಳಿ. ನಾಲ್ವರಲ್ಲಿ ನನ್ನದು ನಿಮಗಾದರೂ ಕೇಳಿಸುತ್ತದೆಯೇ? ಇಲ್ಲವಾದರೆ ಇಷ್ಟು ವರ್ಷ ನಾನು ಬದುಕಿದ್ದು ಯಾತಕ್ಕೆ?”

“ಇದೆಂಥ ಮಾತು! ನಾನು ಬರುವುದೇ ನಿಮ್ಮದನ್ನು ಕೇಳುವುದಕ್ಕೆ,” ಎಂದ ವ್ಯಾಪಾರಿ.

ವಾದಕ ನಮಸ್ಕಾರ ಹೇಳಿ ಹೊರಟ. ಮೆಟ್ಟಿಲ ಬಳಿ ನಿಂತು ಒಮ್ಮೆ ತಿರುಗಿ ನೋಡಿದ.

ಆ ಶನಿವಾರ ಅವನ ಕಮಾನು ಹಿಂದೆಂದೂ ಓಡದಷ್ಟು ರಭಸವಾಗಿ ಓಡಿತು. ಅವನು ತಂತಿಯತ್ತ ನೋಡಲಿಲ್ಲ. ವ್ಯಾಪಾರಿಯ ಮುಖವನ್ನೇ ನೋಡುತ್ತಿದ್ದ. ಉಳಿದ ಮೂವರು ನುಡಿಸುತ್ತಲೇ ಅವನತ್ತ ಕೆಂಗಣ್ಣು ಬಿಟ್ಟರು. ಇವನು ಮೆರೆಯುತ್ತಿರುವುದು ಅವರಿಗೆ ಹೊಟ್ಟೆಕಿಚ್ಚು ಎಂದು ವ್ಯಾಪಾರಿ ತಿಳಿದ. ಪಾಪ ಎನಿಸಿತು. ಇನ್ನೂ ಜೋರಾಗಿ ತಲೆದೂಗಿದ. ಸಭೆಯೂ ತೂಗಿತು. ಮುಗಿದ ಮೇಲೆ ಮೊದಲ ನಿಂಬೆಹಣ್ಣನ್ನು ಅವನಿಗೇ ಕೊಟ್ಟ.

“ನಿಮ್ಮ ನಾದ ಇವತ್ತಿನಷ್ಟು ತುಂಬಿ ಬಂದದ್ದನ್ನು ನಾನು ಕೇಳಿಯೇ ಇಲ್ಲ,” ಎಂದ.

ವಾದಕ ಹಣ್ಣು ತೆಗೆದುಕೊಂಡು ಕೈಮುಗಿದ. ಅವನ ತುಟಿ ಅಲುಗಲಿಲ್ಲ. ಆದ್ದರಿಂದ ವ್ಯಾಪಾರಿಗೆ ತಿಳಿಯುವುದಕ್ಕೆ ಏನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಆ ವಾದಕನ ಹೆಣ ಊರ ಕೆರೆಯಲ್ಲಿ ಸಿಕ್ಕಿತು. ನಿಂಬೆಹಣ್ಣು ಇನ್ನೂ ಜೇಬಿನಲ್ಲಿತ್ತು.

ವ್ಯಾಪಾರಿ ಮಾತಾಡಿಸಿಕೊಂಡು ಬರಲು ಆ ಮನೆಗೆ ಹೋದ. ವಾದಕನ ಹೆಂಡತಿ ಒಳಗಿನಿಂದ ಕಮಾನು ತಂದು ಅವನ ಕೈಗಿಟ್ಟಳು. ‘ಅವರದು ನಿಮ್ಮೊಬ್ಬರಿಗೇ ಕೇಳಿಸುತ್ತಿತ್ತಂತೆ, ನೀವೇ ಇಟ್ಟುಕೊಳ್ಳಿ’ ಎಂದಳು. ಅವನು ಕಮಾನಿನ ಕೂದಲ ಮೇಲೆ ಬೆರಳಾಡಿಸಿದ. ಕಮಾನಿಗೆ ರಾಳ ತಿಕ್ಕಿರುತ್ತಾರೆ. ಅದು ಬೆರಳಿಗೆ ಒರಟು. ಆ ಒರಟಿನಿಂದಲೇ ತಂತಿ ನುಡಿಯುತ್ತದೆ. ಇಲ್ಲಿ ಬೆರಳು ಜಾರಿತು. ಮೂಸಿ ನೋಡಿದ. ಬಟ್ಟೆ ಒಗೆಯುವ ಸಾಬೂನು. ಸಾಬೂನು ಸವರಿದ ಕಮಾನು ಎಷ್ಟು ಓಡಿದರೂ ತಂತಿ ಬಾಯಿ ಬಿಡುವುದಿಲ್ಲ. ಆ ಶನಿವಾರ ಆ ವಾದ್ಯ ಒಂದು ಸ್ವರವನ್ನೂ ನುಡಿದಿರಲಿಲ್ಲ.

ವ್ಯಾಪಾರಿ ಕಮಾನನ್ನು ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ. ಆಗಲೂ ಯಾರಿಗೂ ಹೇಳಲಿಲ್ಲ. ಮುಂದಿನ ಶನಿವಾರ ಮೂವರೇ ನುಡಿಸಿದರು. ಅವನು ಅದೇ ಕುರ್ಚಿಯಲ್ಲಿ ಕುಳಿತು ತಲೆದೂಗಿದ. ಜೇಬಿನಲ್ಲಿ ನಾಲ್ಕು ನಿಂಬೆಹಣ್ಣುಗಳಿದ್ದವು.

ಗುರು ಕತೆ ನಿಲ್ಲಿಸಿದ. ಶಿಷ್ಯ ತಲೆ ತಗ್ಗಿಸಿ ಲೋಟದೊಳಗೆ ನೋಡುತ್ತ ಕೇಳಿದ: “ವ್ಯಾಪಾರಿ ಯಾರಿಗೂ ಹೇಳಲಿಲ್ಲ ಎಂದಿರಿ. ಮತ್ತೆ ನಿಮಗೆ ಹೇಗೆ ಗೊತ್ತಾಯಿತು?”

ಶಿಷ್ಯ ತಲೆಯೆತ್ತಿದ. ಗುರು ಅವನ ಬಾಯನ್ನೇ ನೋಡುತ್ತ ಕಾಯುತ್ತಿದ್ದ.

“ನೀನೇನೋ ಕೇಳಿದಂತಿತ್ತು, ತುಟಿ ಕಾಣಿಸಲಿಲ್ಲ; ಇರಲಿ, ಈ ಚಹಾದ ದುಡ್ಡು ನೀನೇ ಕೊಟ್ಟುಬಿಡಯ್ಯಾ.”