ಸುರುಳಿ ಮೋಡ ಯಾಕೆ ಕೆಳಗಿಳಿಯುವುದಿಲ್ಲ

ಲೋಕಕ್ಕೆ ಇನ್ನೂ ಹಸಿ ಮರದ ವಾಸನೆ ಇದ್ದ ಕಾಲ. ಆಕಾಶ ಆಗ ಒಂದು ಒರಟು ಹಲಗೆ. ಎಷ್ಟು ತಗ್ಗಿನಲ್ಲಿತ್ತು ಅಂದರೆ, ನಮ್ಮ ಮನೆತನದವರು ಪೇಟ ಸುತ್ತಿ ನಿಂತರೆ ತಲೆಗೆ ತಾಗುತ್ತಿತ್ತು. ನಾವು ಎತ್ತರದವರು, ನೋಡಿಯೇ ಇದ್ದೀರಲ್ಲ!

ಹಾರುವ ಹಕ್ಕಿಗಳ ರೆಕ್ಕೆಗೆಲ್ಲ ಸಿಬಿರು ಚುಚ್ಚುತ್ತಿತ್ತು. ಪಾಪ ಅನ್ನಿಸಿ, ಬಮ್ಮೋಜ ಎಂಬ ಬಡಗಿ ಏಣಿ ಹಾಕಿ, ಉಜ್ಜುಗೊರಡು ಹಿಡಿದು ಆಕಾಶವನ್ನು ನುಣುಪು ಮಾಡತೊಡಗಿದ. ಉಜ್ಜಿದ, ಉಜ್ಜಿದ, ನಲವತ್ತು ವರ್ಷ ಉಜ್ಜಿದ. ಪಡುವಣದ ಒಂದು ಮೂಲೆ ಉಳಿದಿತ್ತು. ಅಷ್ಟರಲ್ಲಿ ಅವನೇ ಹೋಗಿಬಿಟ್ಟ.

ಮಗಳು ಕಾಳವ್ವ ಗೊರಡನ್ನು ಅಟ್ಟಕ್ಕಿಟ್ಟಳು. ಅಪ್ಪ ಕೊನೆಯದಾಗಿ ಆಕಾಶದಿಂದ ಹೆರೆದು ತೆಗೆದ ಸಿಪ್ಪೆ ಅದರ ಬಾಯಲ್ಲಿ ಸುರುಳಿಯಾಗಿ ಸಿಕ್ಕಿಕೊಂಡಿತ್ತು. ಅದನ್ನವಳು ಮುಟ್ಟಲಿಲ್ಲ. ಅಲಗಿಗೆ ತುಕ್ಕು ಹಿಡಿಯಿತು. ಆಗಲೂ ಮುಟ್ಟಲಿಲ್ಲ.

ಒಂದು ದಿನ ಕೊಕ್ಕರೆ ಬಂತು. "ಕಾಳವ್ವಾ, ನಾಳೆ ನನ್ನ ಮರಿಗಳು ಮೊದಲ ಸಲ ಪಡುವಣಕ್ಕೆ ಹಾರಬೇಕು. ಹೋದ ವರ್ಷ ಆ ಮೂಲೆಯಲ್ಲೇ ಎರಡನ್ನು ಕಳಕೊಂಡೆ."

"ಗೊರಡು ಕೆಟ್ಟಿದೆ ಅಕ್ಕಾ."

"ಗೊರಡಿಗೇನಾಗಿದೆ? ಬಿಚ್ಚೋಕೆ ನಿನಗೇ ಮನಸ್ಸಿಲ್ಲ."

ಕಾಳವ್ವ ಗೊರಡನ್ನು ಅಟ್ಟದಿಂದ ಇಳಿಸಿದಳು. ಅಲಗನ್ನು ಬಿಗಿಹಿಡಿದಿದ್ದ ಬೆಣೆಯನ್ನು ತಟ್ಟಿ ಸಡಿಲಿಸಿದಳು. ಮಗುವಿನ ಕಾಲಿನ ಮುಳ್ಳು ತೆಗೆಯುವ ಹಾಗೆ ಆ ಸಿಪ್ಪೆಯನ್ನು ತೆಗೆದಳು. ಬಡಗಿಯ ಮನೆಯಲ್ಲಿ ಸಿಪ್ಪೆ ಅಂದರೆ ಬೆಳಗಿನ ಒಲೆಗೆ. ಇದನ್ನು ಮಾತ್ರ ಏಣಿಯ ಬುಡದಲ್ಲಿ ಕಲ್ಲಡಿ ಇಟ್ಟಳು.

ಹುಣಸೆಹಣ್ಣು ಹಚ್ಚಿ ಅಲಗಿನ ತುಕ್ಕು ತಿಕ್ಕಿದಳು. ಸಾಣೆಕಲ್ಲಿನ ಮೇಲೆ ಮಸೆದಳು, ನೀರು ಚಿಮುಕಿಸಿ ಮತ್ತೆ ಮಸೆದಳು. ಗೊರಡಿನ ತಳ ಸೊಟ್ಟಗಾಗಿತ್ತು, ಉಜ್ಜಿ ಸಮ ಮಾಡಿದಳು. ಎಣ್ಣೆ ಸವರಿ, ಬೆಣೆ ಬಿಗಿದು ಏಣಿ ಹತ್ತಿದಳು.

ಮೊದಲ ಎಳೆತಕ್ಕೇ ಗೊರಡು ಕಚ್ಚಿಕೊಂಡಿತು. ಹಲಗೆಯ ನಾರಿನ ಓಟಕ್ಕೆ ಎದುರಾಗಿ ಹಿಡಿದಿದ್ದಳು! "ಮರ ಯಾವ ಕಡೆ ಮಲಗಿದೆ ನೋಡೇ, ಮಗಳೇ" ಅನ್ನುತ್ತಿದ್ದ ಅಪ್ಪ. ತಿರುಗಿಸಿ ಹಿಡಿದಳು. ಸರ್ರನೆ ಹರಿಯಿತು. ಈರುಳ್ಳಿ ಪೊರೆಯಂಥ ಸಿಪ್ಪೆಗಳು ಉದುರಿದವು. ಅವನ್ನು ನೋಡಿ ಗಾಳಿಗೆ ಹುಚ್ಚು ಹಿಗ್ಗು. ಕುಣಿಯಿತು, ಕುಣಿಯಿತು, ಕಲ್ಲಡಿಯ ಸಿಪ್ಪೆಯನ್ನೂ ಎಬ್ಬಿಸಿಕೊಂಡು ಕುಣಿಯಿತು.

ಮೂಲೆ ಮುಗಿಸಿ ಕಾಳವ್ವ ಇಳಿದಳು. ಕಲ್ಲಿತ್ತು, ಸಿಪ್ಪೆ ಇರಲಿಲ್ಲ.

ಹುಡುಕಿದಳು. ಎಲ್ಲವೂ ಒಂದೇ ತೆಳುವು, ಒಂದೇ ಬಿಳುಪು, ಒಂದೇ ಸುರುಳಿ. ಕೆಲಸ ಕಲಿಸಿದವನು ಅಪ್ಪನೇ ಅಲ್ಲವೇ. ಅವನದು ಯಾವುದು, ತನ್ನದು ಯಾವುದು, ಅವಳಿಗೇ ತಿಳಿಯಲಿಲ್ಲ.

"ತಪ್ಪಾಯ್ತು ಕಣವ್ವಾ," ಅಂದಿತು ಗಾಳಿ. "ಗುಡಿಸಿ ಒಲೆ ಹತ್ತಿರ ಹಾಕಿಕೊಡಲಾ?"

"ಬೇಡಪ್ಪಾ. ಯಾವುದನ್ನು ಅಂತ ಸುಡಲಿ? ಎಲ್ಲವನ್ನೂ ಮೇಲೆ ಒಯ್ದಿಟ್ಟುಕೋ. ಒಂದೂ ಕೆಳಗೆ ಬೀಳಕೂಡದು. ಹೊರಳಿಸಿ ಹೊರಳಿಸಿ ನೋಡು. ಅಪ್ಪನದು ಸಿಕ್ಕಿದರೆ ಬಂದು ಹೇಳು."

ಮಾರನೆಯ ದಿನ ಕೊಕ್ಕರೆಮರಿಗಳು ಹಾರಿದವು. ಒಂದಕ್ಕೂ ಸಿಬಿರು ತಾಗಲಿಲ್ಲ. ಸಿಬಿರೆಲ್ಲ ಕಳಚಿ ಹಗುರಾದ ಆಕಾಶ ಮೇಲಕ್ಕೇರಿತು, ನಮ್ಮ ಪೇಟಕ್ಕೂ ಸಿಗದಷ್ಟು ಮೇಲೆ. ಕಾಳವ್ವ ಬದುಕಿದ್ದಷ್ಟು ದಿನವೂ ಅಂಗಳದಲ್ಲಿ ಕತ್ತೆತ್ತಿ ನಿಂತು, "ಸಿಕ್ಕಿತೇನೋ?" ಎಂದು ಗಾಳಿಯನ್ನು ಕೇಳುತ್ತಿದ್ದಳು.

ಅದಕ್ಕೇ ನೋಡಿ ಮಕ್ಕಳೇ, ತಿಳಿ ಆಕಾಶದಲ್ಲಿ ತೇಲುವ ಆ ತೆಳ್ಳನೆಯ ಸುರುಳಿ ಮೋಡಗಳು ಇವತ್ತಿಗೂ ಒಂದು ಹನಿಯಾಗಿಯೂ ಕೆಳಗಿಳಿಯುವುದಿಲ್ಲ. ಗಾಳಿ ಅವನ್ನು ಒಂದೊಂದಾಗಿ, ಮೆಲ್ಲಗೆ, ಹೊರಳಿಸಿ ನೋಡುತ್ತಲೇ ಇದೆ.