ಸರದಿ ತಪ್ಪದ ಕಪ್ಪೆಗಳು

ಕೆರೆಯಲ್ಲಿ ತೇಲುತ್ತಿದ್ದ ಎಲೆಯೊಂದರ ಮೇಲೆ ಇರುವೆ ಸಿಕ್ಕಿಕೊಂಡಿತ್ತು. ಮೇಲೆ ಬಾಗಿದ್ದ ಹುಲ್ಲು ಅದಕ್ಕೆ ಎಟುಕುತ್ತಿರಲಿಲ್ಲ. ಎಲೆಯ ಅತ್ತ ಅಕ್ಕ ಕಪ್ಪೆ, ಇತ್ತ ಅಷ್ಟೇ ದೂರದಲ್ಲಿ ತಂಗಿ ಕಪ್ಪೆ ಕುಳಿತಿದ್ದರು.

ಇರುವೆಯನ್ನು ಉಳಿಸಲು ಅಕ್ಕ ನೀರು ಬಡಿಯತೊಡಗಿದಳು. ಎಲೆ ಏರಿತು, ಆದರೆ ಹುಲ್ಲಿನವರೆಗೆ ಏರಲಿಲ್ಲ. ತಂಗಿಯೂ ಕೈಜೋಡಿಸಿದಳು. ಒಬ್ಬರು ಕೂಗಿ ಮುಗಿಸಿದ ಮೇಲೆ ಇನ್ನೊಬ್ಬರು ಕೂಗುವುದು ಕಪ್ಪೆಗಳ ಮರ್ಯಾದೆ. ಅದೇ ರೂಢಿಯಂತೆ ಅವಳು ಅಕ್ಕನ ಎರಡು ಏಟುಗಳ ನಡುವೆ ತನ್ನ ಏಟು ಹಾಕಿದಳು. ಒಬ್ಬಳ ಅಲೆ ಎಲೆಯನ್ನು ಎತ್ತುವ ಹೊತ್ತಿಗೆ ಇನ್ನೊಬ್ಬಳ ಅಲೆ ಇಳಿಸಿತು. ಎಲೆ ಅಲ್ಲಾಡದೆ ನಿಂತುಬಿಟ್ಟಿತು.

"ನೀನು ಬಡಿಯುತ್ತಲೇ ಇಲ್ಲ ಕಣೇ" ಎಂದಳು ಅಕ್ಕ.

"ಬಡಿದು ಬಡಿದು ನನ್ನ ಕಾಲು ಸೋತುಹೋಗಿದೆ. ನಾಟಕ ನಿನ್ನದು" ಎಂದಳು ತಂಗಿ.

ಎಲೆ ನೆನೆದು ಮುಳುಗತೊಡಗಿತ್ತು. "ಇಬ್ಬರೂ ಬಡಿಯುತ್ತಿದ್ದೀರಿ ತಾಯಿ, ಸರದಿ ಬಿಟ್ಟು ಒಟ್ಟಿಗೆ ಬಡಿಯಿರಿ" ಎಂದಿತು ಇರುವೆ.

"ಅವಳು ಮುಗಿಸುವ ಮೊದಲೇ ನಾನು ಶುರುಮಾಡಲು ನಾವೇನು ಒಟ್ಟಿಗೆ ಕಿರುಚುವ ಕಾಗೆಗಳೇ?" ಎಂದು ಅಕ್ಕ ಸಿಡುಕಿದಳು. ಆದರೂ ಮುಳುಗುವ ಎಲೆಯನ್ನು ನೋಡಿ ತನ್ನ ಏಟನ್ನು ತುಸು ತಡೆದಳು. ತಂಗಿಯ ಕಾಲು ಎದ್ದಾಗಲೇ ತನ್ನ ಕಾಲನ್ನೂ ಎತ್ತಿ ಬಡಿದಳು. ಎರಡು ಅಲೆಗಳು ಕೂಡಿ ಎಲೆಯನ್ನು ಎತ್ತಿಹಿಡಿದವು. ಇರುವೆ ಹುಲ್ಲನ್ನು ಹಿಡಿದು ಹತ್ತಿಕೊಂಡಿತು.

"ನಾನು ಬಡಿಯುತ್ತಿದ್ದೆ ಅಂತ ಈಗಲಾದರೂ ಒಪ್ಪುತ್ತೀಯಾ?" ಎಂದಳು ತಂಗಿ.

"ಒಪ್ಪದೆ ಏನು ಮಾಡಲಿ," ಎಂದಳು ಅಕ್ಕ, "ಅಷ್ಟು ಎತ್ತರದ ಅಲೆಯನ್ನು ನಾನೊಬ್ಬಳೇ ಯಾವತ್ತೂ ಎಬ್ಬಿಸಿಲ್ಲ."