ಪಾರವ್ವನ ತುತ್ತು

ಹೊಳೆ ದಂಡೆಯ ಮಠದಲ್ಲಿ ಸೂಜಿ ಚಿಕಿತ್ಸೆ ಕೊಡುವ ಗುರುವೊಬ್ಬರಿದ್ದರು. ಊರವರಿಗೆಲ್ಲ ಅವರು ಅಜ್ಜಾರು. ಬಸಲಿಂಗ ಅವರ ಶಿಷ್ಯ. ಕೈ ಚೆನ್ನಾಗಿ ಪಳಗಿತ್ತು, ಅದನ್ನು ನಾಲ್ಕು ಜನ ನೋಡಲಿ ಎಂಬ ಹಪಾಹಪಿ ಅದಕ್ಕಿಂತ ಹೆಚ್ಚಿತ್ತು.

ಲಕ್ವಾ ಹೊಡೆದ ಪಾರವ್ವ ಸೊಸೆಯ ಜೊತೆ ಅಲ್ಲಿಗೆ ಬಂದಳು. ಅವಳ ಬಲಗೈ ಮುಷ್ಟಿ ಬಿಗಿದುಕೊಂಡುಬಿಟ್ಟಿತ್ತು.

"ಏನು ಆಗಬೇಕವ್ವಾ ನಿನಗ?" ಅಜ್ಜಾರು ಕೇಳಿದರು.

"ಸೊಸಿ ಉಣ್ಣಸ್ತಾಳ್ರೀ. ಒಳ್ಳೆಯಾಕಿ, ಬೈಯಂಗಿಲ್ಲ. ಆದ್ರ ಕೂಸಿನಂಗ ಬಾಯಿ ತಕ್ಕೊಂಡು ಕುಂದ್ರೂದು ಸಾಕಾಗೇತಿ. ನನ್ನ ತುತ್ತು ನಾನ ಉಣಬೇಕ್ರೀ."

"ಪೂರಾ ಗುಣ ಆಗ್ತೈತಿ ಅಂತ ಹೇಳಂಗಿಲ್ಲ. ಸೂಜಿ ಹಾಕಿದ್ರ ಬಿಗಿ ಸ್ವಲ್ಪ ಹೊತ್ತು ಸಡ್ಲ ಆಗಬಹುದು. ಸಡ್ಲಾದಾಗ ಬೆರಳಿಗೆ ಕೆಲಸ ಕೊಡಬೇಕು." ಹೀಗೆ ಹೇಳಿ ಅವಳನ್ನು ಬಸಲಿಂಗನಿಗೆ ಒಪ್ಪಿಸಿದರು.

ಬಸಲಿಂಗ ಸೂಜಿ ಹಾಕಿದ. ಬೆರಳು ಸಡಿಲಾದವು. ಆಗ ಈ ಪುಣ್ಯಾತ್ಮ ಮಾಡಿದ್ದೇನು? ಹೊರಗೆ ಓಡಿ, ಮಠಕ್ಕೆ ಬಂದವರನ್ನೆಲ್ಲ ಕರೆದ.

"ನೋಡ್ರಿ, ಹೆಂಗ ಬಿಚ್ಚೇತಿ! ಯವ್ವಾ, ಕೈ ಮ್ಯಾಲೆತ್ತು. ಈ ಕಡೆ ತೋರ್ಸು. ಈಗ ಆ ಕಡೆ."

ಜನ ಚಪ್ಪಾಳೆ ತಟ್ಟಿದರು, ಫೋಟೋ ಹೊಡೆದುಕೊಂಡರು. ಊಟದ ಗಂಟೆ ಬಾರಿಸುವಷ್ಟರಲ್ಲಿ ಬೆರಳು ಮತ್ತೆ ಮಡಚಿಕೊಂಡಿದ್ದವು. ಸೊಸೆಯೇ ತಿನ್ನಿಸಿದಳು.

ಮರುದಿನವೂ ಅದೇ ತಮಾಷೆ. ಅದರ ಮರುದಿನವೂ. ಮುದುಕಿಯ ಕೈಯೇನು ಇವನ ಅಂಗಡಿಯ ಬೋರ್ಡೇ? ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಪಾರವ್ವ ಸಿಡಿದಳು.

"ಬಿಡೋ ನನ್ನ ಕೈ! ನಿನ್ನ ಮಂದಿಗಿ ತೋರ್ಸಾಕ ಬಂದಿಲ್ಲ ನಾ. ಉಣ್ಣಾಕ ಬಂದೀನಿ! ನಾಳಿಂದ ಬರಂಗಿಲ್ಲ, ಹೋಗು."

ಬಸಲಿಂಗ ಗುರುಗಳ ಬಳಿ ದೂರು ಒಯ್ದ. "ಉಪಕಾರ ಸ್ಮರಣೆ ಇಲ್ರೀ ಆಕಿಗೆ. ಮುಷ್ಟಿ ಬಿಚ್ಚಿಸಿದಾಂವ ನಾನು. ನಾಲ್ಕು ಮಂದಿ ನೋಡಿದ್ರ ಮಠಕ್ಕೂ ಹೆಸರು."



ಮಧ್ಯಾಹ್ನ ಪಂಕ್ತಿ ಕುಳಿತಿತು. ಬಸಲಿಂಗನ ತಟ್ಟೆಗೆ ಬಿಸಿ ಅನ್ನ, ಸಾರು ಬಿತ್ತು. ಅವನು ಕೈ ಹಾಕುವಷ್ಟರಲ್ಲಿ ಅಜ್ಜಾರು ಅವನ ಮಣಿಕಟ್ಟು ಹಿಡಿದು ಮೇಲೆತ್ತಿದರು.

"ನೋಡ್ರೆಪಾ ಎಲ್ಲಾರೂ! ನಮ್ಮ ಬಸಲಿಂಗನ ಕೈ ಹೆಂಗ ಬಿಚ್ಚತೈತಿ ನೋಡ್ರಿ. ತಮ್ಮಾ, ಈ ಕಡೆ ತೋರ್ಸು. ಈಗ ಆ ಕಡೆ."

ಜನ ನಕ್ಕರು. ಬಸಲಿಂಗನೂ ಪೆಚ್ಚಾಗಿ ನಕ್ಕ. ಅಜ್ಜಾರು ನಗಲೂ ಇಲ್ಲ, ಕೈ ಬಿಡಲೂ ಇಲ್ಲ. ಪಂಕ್ತಿ ಉಂಡು ಎದ್ದಿತು. ಬಡಿಸುವವನು ಬಂದು ಬಸಲಿಂಗನ ತುಂಬಿದ ತಟ್ಟೆಯನ್ನೂ ಎತ್ತಿಕೊಂಡು ಹೋದ.

"ಅಜ್ಜಾರ, ಹಸಿವ್ಯಾಗೈತ್ರೀ! ಇದೇನ್ ಅನ್ಯಾಯ?"

"ಸಿಟ್ಟು ಬಂತೇನು?"

"ಬರೂದಿಲ್ಲೇನ್ರೀ ಮತ್ತ?"

"ಆಕಿಗೂ ಬಂತು. ನೀ ಅದಕ್ಕ ಉಪಕಾರ ಸ್ಮರಣೆ ಇಲ್ಲ ಅಂದಿ" ಎಂದು ಅಜ್ಜಾರು ಕೈ ಬಿಟ್ಟರು.

ಮರುದಿನ ಬಸಲಿಂಗ ತಾನೇ ಪಾರವ್ವನ ಮನೆಗೆ ಹೋಗಿ, ಬೈಸಿಕೊಂಡು, ಅವಳನ್ನು ಕರೆತಂದ. ಹೊರಬಾಗಿಲು ಮುಚ್ಚಿದ. ಸೂಜಿ ಡಬ್ಬಿ ತೆರೆದು ತಲೆ ತಗ್ಗಿಸಿ ಕುಳಿತ.

"ಮೊದಲನೇ ಸೂಜಿ ಎಲ್ಲಿ ಹಾಕ್ಲಿ, ಅಜ್ಜಾರ?"

ಅಜ್ಜಾರು ಅಡುಗೆಮನೆಯಿಂದ ತಟ್ಟೆ ತಂದು ಪಾರವ್ವನ ಮುಂದಿಟ್ಟರು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.

"ಎಲ್ಲಿ ಅನ್ನೂದು ನಿನಗ ಗೊತ್ತೈತಿ. ಅನ್ನ ಆರೂದ್ರೊಳಗ ಹಾಕು."